ವಿಮರ್ಶೆ ಬರೆದ ಸಂಜೆಯ ಜಪಸರ

ಹಳೆಗಾಲದ ಕ್ರೈಸ್ತ ಮನೆತನವೊಂದರ ಕಾದಂಬರಿ ಈಗ ಟಿ.ವಿ. ಧಾರಾವಾಹಿಯಾಗಿತ್ತು. ಮನೆಬಿಟ್ಟು ಹೋಗಿ ಸತ್ತ ಮಗಳ ಹೆಸರನ್ನು ತಂದೆ ಪ್ರಾರ್ಥನೆಯಲ್ಲೂ ಎತ್ತಗೊಡುವುದಿಲ್ಲ. ಅವಳ ಆತ್ಮ ದಿನವೂ ಸಂಜೆ ಬಂದು ಹೊಸ್ತಿಲಾಚೆ ನಿಲ್ಲುತ್ತದೆ. ಕುಲಶೇಖರದ ಶೆರಿಲ್ ಪತ್ರಿಕೆಗೆ ಅದರ ವಿಮರ್ಶೆ ಬರೆದು, ಅಜ್ಜಿ ಮಗ್ದಲೀನರಿಗೆ ಓದಿ ಹೇಳಿದಳು: "ಸತ್ತವರನ್ನು ಹೀಗೆ ಮರೆಯುವ ಮನೆ ನಮ್ಮಲ್ಲಿಲ್ಲ. ಇದು ಶುದ್ಧ ಸುಳ್ಳು."

"ಎಲ್ಲರೂ ಹೊಗಳುವಾಗ ನಿನ್ನದೆಂತ ಬಾಯ್, ಒಂದು ಕೊಂಕು?"

"ಸುಳ್ಳನ್ನು ಸುಳ್ಳು ಅನ್ನಬಾರದಾ ಶೆಮಾಯ್?" ಅವರ ಕೊಂಕಣಿಯಲ್ಲಿ ಅಜ್ಜಿಗೆ ಮೊಮ್ಮಗಳು 'ಬಾಯ್', ಮೊಮ್ಮಗಳಿಗೆ ಅಜ್ಜಿ 'ಶೆಮಾಯ್'.

ಅಜ್ಜಿ ಜಪಸರ ಹಿಡಿದು ಚಾಪೆಯಲ್ಲಿ ಕೂತರು; ಶೆರಿಲ್ ಅದೇ ಚಾಪೆಯ ಇನ್ನೊಂದು ತುದಿಯಲ್ಲಿ ಕೂತಳು. ಜಪ ಮುಗಿದ ಮೇಲೆ ಮನೆಯ ಮೃತರನ್ನು ಒಬ್ಬೊಬ್ಬರಾಗಿ ಹೆಸರಿಸಿ ಪ್ರಾರ್ಥಿಸುವುದು ವಾಡಿಕೆ. ದಿನವೂ ಅಜ್ಜನ ಹೆಸರಿಗೆ ಅದು ಮುಗಿಯುತ್ತಿತ್ತು. ಇಂದು ಅಜ್ಜಿ ಇನ್ನೊಂದು ಹೆಸರು ಸೇರಿಸಿದರು: "ನನ್ನ ಅಕ್ಕ ಸೆವ್ರಿನ್."

ಆ ಹೆಸರನ್ನು ಶೆರಿಲ್ ಎಂದೂ ಕೇಳಿರಲಿಲ್ಲ. "ನಿಮಗೆ ಅಕ್ಕ ಇದ್ದರಾ?"

"ಇದ್ದಳು. ಹೆಸರು ಎತ್ತಬಾರದು ಅಂತ ಅಪ್ಪನ ಆಣೆ ಇತ್ತು. ಧಾರಾವಾಹಿಯವರು ಎಲ್ಲ ಸರಿ ತೋರಿಸಿದ್ದಾರೆ, ಒಂದು ಬಿಟ್ಟು. ಅವಳು ಹೊರಗೆ ನಿಲ್ಲುವುದಿಲ್ಲ."

ಅಜ್ಜಿ ಇಬ್ಬರ ನಡುವಿನ ಖಾಲಿ ಚಾಪೆಯನ್ನು ಮೆಲ್ಲನೆ ಸವರಿದರು.

ಶೆರಿಲ್ ತುಸು ಸರಿದು ಜಾಗ ಬಿಟ್ಟಳು. ನಂತರ ಸೆವ್ರಿನಳ ಹೆಸರಲ್ಲಿ ಪ್ರಾರ್ಥನೆ ಶುರುಮಾಡಿದಳು.