ಸಾವಿರ ಇಟ್ಟಿಗೆಯ ಗಿಡುಗ

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ ದೇವರಾಜುವಿನ ಇಟ್ಟಿಗೆ ಗೂಡಿದೆ. ಅಲ್ಲಿ ಮಣ್ಣು ಕಲಸಿ ಅಚ್ಚು ಹಾಕುವುದರಲ್ಲಿ ಮರಿತಾಯಮ್ಮನನ್ನು ಮೀರಿಸುವವರಿಲ್ಲ. ಅವಳ ಗಂಡ ಪುಟ್ಟಮಾದಯ್ಯ ಗಾರೆ ಕೆಲಸದವನು. ಅವಳು ಹಾಕಿದ ಇಟ್ಟಿಗೆಯಲ್ಲಿ ಅವನು ಕಟ್ಟಿದ ಮನೆಗಳು ಸುತ್ತಲ ಊರುಗಳಲ್ಲೆಲ್ಲ ಇವೆ. ಗೃಹಪ್ರವೇಶ ಆದಮೇಲೆ ಅವುಗಳಲ್ಲಿ ಕೆಲವು ಮನೆಗಳ ಹೊಸಿಲನ್ನು ಇಬ್ಬರೂ ದಾಟಿಲ್ಲ ಎನ್ನುವುದು ಬೇರೆ ಮಾತು.

ಸಂಕ್ರಾಂತಿ ಕಳೆದ ವಾರಕ್ಕೆ ಮಂಡ್ಯದ ಕಾಲೇಜೊಂದರ ಸಂಸ್ಕೃತ ಮೇಡಂ ಶಾಲಿನಿ ಸ್ಕೂಟರಿನಲ್ಲಿ ಗೂಡಿಗೆ ಬಂದರು. ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ. ಬಿಡಿಸಿದರೆ ರೆಕ್ಕೆ ಚಾಚಿದ ಒಂದು ಹಕ್ಕಿ, ಅದರ ಮೈತುಂಬ ಚೌಕ, ಮುಕ್ಕೋನ, ಓರೆ ಮನೆಗಳು.

"ವೇದಕ್ಕೆ ಸೇರಿದ ಹಳೇ ಸೂತ್ರಗಳಲ್ಲಿ ಇದರ ಲೆಕ್ಕ ಇದೆ," ಎಂದರು ಶಾಲಿನಿ. "ಸ್ವರ್ಗ ಬೇಕು ಅನ್ನೋನು ಗಿಡುಗದ ಆಕಾರದ ಯಜ್ಞವೇದಿ ಕಟ್ಟಬೇಕಂತೆ. ಒಂದರ ಮೇಲೊಂದು ಐದು ವರಸೆ, ವರಸೆಗೆ ಇನ್ನೂರು ಇಟ್ಟಿಗೆ. ನಾವು ಯಜ್ಞ ಮಾಡಲ್ಲ. ನಮ್ಮ ಮಕ್ಕಳು ಕಣ್ಣಾರೆ ನೋಡಲಿ ಅಂತ ಅರ್ಧ ಅಳತೆಯಲ್ಲಿ ಕಟ್ಟಿಸ್ತೀವಿ."

"ಇಂಥ ಸೊಟ್ಟಪಟ್ಟ ಇಟ್ಗೆ ನಮ್ತಾವ ಆಗಕಿಲ್ಲ ಮೇಡಂ," ಎಂದು ದೇವರಾಜು ಕೈ ತೊಳೆದುಕೊಳ್ಳುವುದರಲ್ಲಿದ್ದ.

ಮರಿತಾಯಮ್ಮ ಕೆಸರುಗೈ ಸೆರಗಿಗೆ ಒರೆಸಿಕೊಂಡು ನಕ್ಷೆಯತ್ತ ಬಗ್ಗಿದಳು. "ಯಾಕಾಗಕಿಲ್ಲ? ಮರದ ಅಚ್ಚು ಮಾಡ್ಸುದ್ರೆ ಆಯ್ತದೆ. ಅಳ್ತೆ ಏಳಿ ಮೇಡಂ."

"ಅಳತೆಗೆ ಮೂಲ ಯಜಮಾನ. ಅವನು ಎರಡೂ ಕೈ ಮೇಲೆತ್ತಿ ನಿಂತರೆ ಎಷ್ಟು ಎತ್ತರವೋ, ಅದರಿಂದ ಉಳಿದದ್ದೆಲ್ಲ ಹುಟ್ಟುತ್ತೆ."

"ನಮ್ ಯಜಮಾನ್ರು ಇಲ್ಲೇ ಅವ್ರಲ್ಲಾ! ಬಾ ಇಲ್ಲಿ, ಕೈ ಎತ್ಕಂಡು ನಿಂತ್ಕೊ!"

ಟ್ರ್ಯಾಕ್ಟರಿಗೆ ಇಟ್ಟಿಗೆ ತುಂಬುತ್ತಿದ್ದ ಪುಟ್ಟಮಾದಯ್ಯ ಬಂದು, ಏನು ಎತ್ತ ಕೇಳದೆ ಕೈ ಎತ್ತಿ ನಿಂತ. ಪೊಲೀಸರು ಹಿಡಿದುಕೊಂಡ ಹಾಗಿದ್ದಾನೆ ಎಂದು ಗೂಡಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಸೂತ್ರದಲ್ಲಿ ಯಜಮಾನ ಅಂದರೆ ಗಂಡನಲ್ಲ, ಯಜ್ಞ ಮಾಡಿಸುವವನು ಎಂದು ಶಾಲಿನಿ ಹೇಳಹೊರಟವರು, ಆ ಮಣ್ಣು ಮೆತ್ತಿದ ಕೈಗಳನ್ನು ನೋಡಿ ಸುಮ್ಮನಾದರು. "ಇರಲಿ, ಇವರದೇ ಅಳತೆ ಆಗಲಿ," ಎಂದು ಟೇಪು ಬಿಚ್ಚಿದರು.

"ಬರೀ ಈ ಅಳ್ತೆಗೇ ಅಚ್ಚು ಮಾಡ್ಸುದ್ರೆ ಕೆಟ್ರಿ," ಎಂದಳು ಮರಿತಾಯಮ್ಮ. "ಒಣಗಿ ಬೆಂದ್ಮೇಲೆ ಇಟ್ಗೆ ಕುಗ್ತದೆ. ಅಷ್ಟು ಜಾಸ್ತಿ ಬುಡ್ಬೇಕು."

"ಆ ಮಾತೂ ಸೂತ್ರಕಾರರು ಹೇಳಿದ್ದಾರೆ ಮರಿತಾಯಮ್ಮ!"

"ಅಂಗಾರೆ ಅವ್ರೂ ಮಣ್ಣು ಮುಟ್ಟಿದ್ದೋರೇ ಬುಡಿ."

ಅವತ್ತು ಸಂಜೆ ಮುದ್ದೆ ಮುರಿಯುತ್ತ ಪುಟ್ಟಮಾದಯ್ಯ ಗೋಡೆಯ ಮೇಲಿದ್ದ ಬುದ್ಧನ ಪಟದತ್ತ ನೋಡಿದ. "ಅಲ್ಲ ಕಣಮ್ಮಿ, ಯಜ್ಞ ಗಿಜ್ಞ ನಮಗ್ಯಾಕೆ? ನಮ್ಮಪ್ಪನ್ ಕಾಲ್ದಲ್ಲಿ ಅಂಥ ಜಾಗದ್ ಹತ್ರಕ್ಕೂ ನಮ್ಮೋರ್ನ ಬುಡ್ತಿರ್ನಿಲ್ಲ."

ಮರಿತಾಯಮ್ಮನಿಗೂ ಅದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಆದರೆ ಆ ಓರೆ ಇಟ್ಟಿಗೆಗಳು ಕಣ್ಣ ಮುಂದಿನಿಂದ ಕದಲುತ್ತಿರಲಿಲ್ಲ. "ಬೆಂಕಿ ಆಕಕಿಲ್ವಂತೆ. ಇಟ್ಗೇಲಿ ಗಿಡುಗ ಕಟ್ಟೋದಷ್ಟೆ. ಗಿಡುಗಕ್ಯಾವ ಜಾತಿ?" ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಇಟ್ಟಿಗೆ ಒಣಗಿ ಬೇಯಲು ಹೆಚ್ಚುಕಡಿಮೆ ತಿಂಗಳು ಹಿಡಿಯಿತು. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಲೇಜಿನ ಅಂಗಳದಲ್ಲಿ ಹಗ್ಗ ಹಿಡಿದು ಗೆರೆ ಎಳೆದರು. ಪುಟ್ಟಮಾದಯ್ಯ ಇಟ್ಟಿಗೆ ಕೂರಿಸುತ್ತಿದ್ದ, ಮರಿತಾಯಮ್ಮ ಆಕಾರ ನೋಡಿ ಎತ್ತಿಕೊಡುತ್ತಿದ್ದಳು. ಮೊದಲ ವರಸೆ ಮುಗಿದು, ಎರಡನೆಯದು ಬಾಲದ ಹತ್ತಿರ ಬಂದಾಗ ಅವಳು ಕೊಡುವುದನ್ನು ನಿಲ್ಲಿಸಿದಳು.

"ನಿಲ್ಸು. ಸಂದಿನ್ ಮೇಲೆ ಸಂದು ಬತ್ತಾ ಅದೆ."

"ನಕ್ಷೇಲಿ ಅಂಗೇ ಅದಲ್ಲಮ್ಮಿ," ಎಂದ ಪುಟ್ಟಮಾದಯ್ಯ.

"ನಕ್ಷೆ ಬರ್ದೋರು ಗ್ವಾಡೆ ಕಟ್ಟಿದ್ರಾ? ಕೆಳಗಿನ್ ಸಂದಿನ್ ಮೇಲೆ ಇಡೀ ಇಟ್ಗೆ ಕೂತ್ಕಬೇಕು. ಇಲ್ದಿದ್ರೆ ಬಾಲ ಸೀಳೋಯ್ತದೆ."

ಸುತ್ತ ನಿಂತ ಹುಡುಗಿಯರು ಮೇಡಂ ಮುಖ ನೋಡಿದರು. ಶಾಲಿನಿ ಪುಸ್ತಕ ತೆಗೆದು ಹಾಳೆ ತಿರುವಿದರು. ತಿರುವುತ್ತ ತಿರುವುತ್ತ ಅವರ ಕಿವಿ ಕೆಂಪಾಯಿತು.

"ತಪ್ಪು ನಂದೇ. ಬಾಲದ ಹತ್ತಿರ ಮೊದಲ ವರಸೆಯ ಚಿತ್ರವನ್ನೇ ಎರಡನೆಯದಕ್ಕೂ ಬರೆದುಬಿಟ್ಟಿದ್ದೀನಿ. ಸೂತ್ರದಲ್ಲಿ ಸ್ಪಷ್ಟವಾಗಿದೆ, ಸಂದಿನ ಮೇಲೆ ಸಂದು ಬರಬಾರದು ಅಂತ. ಅದಕ್ಕೆ ಅವರು ಇಟ್ಟ ಹೆಸರು ಭೇದ. ಭೇದ ಇರಕೂಡದು."

ಮರಿತಾಯಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಭೇದ ಇರ್ಬಾರ್ದು ಅಂತ ಬರ್ದವ್ರಾ? ಇಟ್ಗೆಗೆ ಮಾತ್ರವಾ, ಜನಕ್ಕೂವಾ?"

ಶಾಲಿನಿ ಪುಸ್ತಕ ಮುಚ್ಚಿ ಅವಳನ್ನೇ ನೋಡಿದರು. "ಇಲ್ಲಿ ಇಟ್ಟಿಗೆಗೆ ಮಾತ್ರ ಮರಿತಾಯಮ್ಮ. ಜನದ ವಿಷಯಕ್ಕೆ ಬೇರೆ ಕಡೆ ಬೇರೆ ಥರ ಬರೆದಿದ್ದಾರೆ. ಸುಳ್ಳು ಹೇಳಲ್ಲ."

ಅವರು ಜಾರಿಕೊಳ್ಳಲಿಲ್ಲ ಎನ್ನುವುದೇ ಮರಿತಾಯಮ್ಮನಿಗೆ ಹಿಡಿಸಿತು. "ಓಗ್ಲಿ ಬುಡಿ, ಇಟ್ಗೆಯಿಂದ್ಲೇ ಸುರು ಮಾಡವ," ಎಂದು ನಕ್ಕಳು. ಮೊದಲು ಪುಟ್ಟಮಾದಯ್ಯ ನಕ್ಕ, ಆಮೇಲೆ ಹುಡುಗಿಯರು, ಕೊನೆಗೆ ಶಾಲಿನಿ. ನಕ್ಷೆಯನ್ನು ನೆಲದ ಮೇಲೆ ಹಾಸಿ, ಯಾವ ಇಟ್ಟಿಗೆ ಎಲ್ಲಿ ಬರಬೇಕೆಂದು ಮರಿತಾಯಮ್ಮ ಕಡ್ಡಿಯಿಂದ ತೋರಿಸಿದಳು. ಬಿ.ಎ. ಓದುತ್ತಿದ್ದ ರೂಪ ಎಂಬ ಹುಡುಗಿ ಅವಳು ಹೇಳಿದಂತೆ ಗೆರೆ ತಿದ್ದಿದಳು. ಬಾಲವನ್ನು ಬಿಚ್ಚಿ ಹೊಸದಾಗಿ ಕೂರಿಸಿದರು.

ಐದನೆಯ ವರಸೆ ಮುಗಿದದ್ದು ಮೂರನೆಯ ದಿನ ಮಧ್ಯಾಹ್ನ. ನೆಲದಲ್ಲಿ ನಿಂತವರಿಗೆ ಅದು ಮೊಣಕಾಲೆತ್ತರದ ವಿಚಿತ್ರ ಜಗಲಿಯಂತಿತ್ತು. ಹುಡುಗಿಯರು ಮರಿತಾಯಮ್ಮನ ಕೈ ಹಿಡಿದು ಕಾಲೇಜಿನ ಮಾಳಿಗೆಗೆ ಕರೆದೊಯ್ದರು. ಅವಳು ಕಟ್ಟೆಗೆ ಒರಗಿ ಕೆಳಗೆ ನೋಡಿದಳು.

ಕೆಂಪು ಗಿಡುಗವೊಂದು ರೆಕ್ಕೆ ಬಿಚ್ಚಿ, ಕೊಕ್ಕು ಮುಂದಕ್ಕೆ ಚಾಚಿ ಮಲಗಿತ್ತು. ಇಷ್ಟು ವರ್ಷ ಅವಳ ಕೈಯಿಂದ ಹೋದ ಇಟ್ಟಿಗೆಗಳೆಲ್ಲ ಗಾರೆಯ ಹಿಂದೆ, ಬಣ್ಣದ ಹಿಂದೆ ಕಾಣದಂತಾಗಿದ್ದವು. ಇಲ್ಲಿ ಒಂದೊಂದೂ ಕಾಣುತ್ತಿತ್ತು. ಅವಳ ಕಣ್ಣು ತುಂಬಿ ಬಂತು. ಹಕ್ಕಿಯ ಎಡರೆಕ್ಕೆಯ ಪಕ್ಕ ಪುಟ್ಟಮಾದಯ್ಯ ತಲೆಗೆ ಟವೆಲು ಸುತ್ತಿಕೊಂಡು ಟೀ ಕುಡಿಯುತ್ತ ಕೂತಿದ್ದ.

"ಇವ್ನೇ, ಬೇಗ ಮೇಲಕ್ ಬಾ!" ಎಂದು ಅವಳು ಮಾಳಿಗೆಯಿಂದ ಕೂಗಿದಳು. "ಗಿಡುಗ ಆರೋಯ್ತದೆ ನೋಡು!"