ಪಲ್ಟಿ ಪಾರ್ಟಿಗೆ ಹತ್ತಕ್ಕೆ ನಾಲ್ಕು

ಗೆದ್ದೂ ಗೆದ್ದೂ ತಲೆಕೆಟ್ಟು ಹೋದವನನ್ನು ನೀವು ಕಂಡಿರಲಿಕ್ಕಿಲ್ಲ. ಆ ಭಾನುವಾರ ಗುಡವಿಯಲ್ಲಿ, ಹೆಂಡತಿಯ ತವರುಮನೆಯ ಜಗಲಿಯ ಮೇಲೆ ಚೌಡೇಶನನ್ನು ನೋಡಬೇಕಿತ್ತು. ಬೆಳಿಗ್ಗೆಯಿಂದ ಆಡಿದ ಆಟಗಳನ್ನೆಲ್ಲ ಅವನೇ ಗೆದ್ದಿದ್ದ. ಆದರೂ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಜಗಲಿಯ ಈ ತುದಿಯಿಂದ ಆ ತುದಿಗೆ ಹೋಗುವುದು, ಕಂಬವನ್ನು ಬೆರಳಲ್ಲಿ ಕುಟ್ಟುವುದು, ವಾಪಸು ಬಂದು ಆಟದ ಯಂತ್ರವನ್ನು ಎತ್ತಿ ತಿರುಗಿಸಿ ನೋಡುವುದು. ಸೋತವರು ಮಾತ್ರ ಒಳಗೆ ನಗುನಗುತ್ತಾ ಊಟಕ್ಕೆ ಎಲೆ ಹಾಕುತ್ತಿದ್ದರು.

ಚೌಡೇಶನಿಗೆ ಶಿಕಾರಿಪುರದ ಬಸ್ ನಿಲ್ದಾಣದ ಪಕ್ಕ ಒಂದು ಮೊಬೈಲ್ ಅಂಗಡಿ ಇತ್ತು. ಅದು ಹೊಟ್ಟೆಪಾಡಿಗೆ. ಅವನು ಎದೆ ಉಬ್ಬಿಸಿ ನಡೆಯುತ್ತಿದ್ದದ್ದು ಇನ್ನೊಂದು ಕೆಲಸದಿಂದ. ಕನ್ನಡದ ಒಂದು ಜಾಲತಾಣಕ್ಕೆ ವಿಡಿಯೋ ಗೇಮುಗಳ ವಿಮರ್ಶೆ ಬರೆಯುತ್ತಿದ್ದ. ಬೇರೆಯವರು ಇಂಟರ್ನೆಟ್ಟಿನಲ್ಲಿ ಓದಿದ್ದನ್ನೇ ಹೊಸೆದು ಬರೆದರೆ ಇವನು ಪ್ರತಿ ಆಟವನ್ನೂ ಆಡಿ, ಬೆರಳು ನೋಯಿಸಿಕೊಂಡು ಬರೆಯುತ್ತಿದ್ದ. ಆಡದೆ ಒಂದಕ್ಷರ ಬರೆಯುವುದಿಲ್ಲ ಎನ್ನುವುದು ಅವನ ಹಟ. ಓದುಗರೂ ಅವನ ಮಾತನ್ನು ನಂಬುತ್ತಿದ್ದರು. ನಂಬುತ್ತಾರೆ ಎಂದು ಅವನಿಗೂ ಚೆನ್ನಾಗಿ ಗೊತ್ತಿತ್ತು, ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಈ ಸಲ ಬಂದದ್ದು ಪಲ್ಟಿ ಪಾರ್ಟಿ. ಟಿವಿಯ ಮುಂದೆ ನಾಲ್ಕು ಜನ ಕೂತು ಕಿರುಚಾಡಿಕೊಂಡು ಆಡುವ ಹಳೆಯ ಸರಣಿ ಅದು. ಈಗ ಕೈಯಲ್ಲಿ ಹಿಡಿದು ಓಡಾಡುವ ಸಣ್ಣ ಯಂತ್ರಕ್ಕೆ ಹೊಸ ಆವೃತ್ತಿ ಬಂದಿತ್ತು. ಯಂತ್ರವನ್ನು ಮಣೆಯ ಮೇಲೆ ಅಂಗಾತ ಮಲಗಿಸಿದರೆ ಪರದೆಯ ನಾಲ್ಕು ಮೂಲೆಯಲ್ಲಿ ಒಂದೊಂದು ಬಣ್ಣದ ಗುಂಡಿಗಳು. ಒಬ್ಬೊಬ್ಬರಿಗೆ ಒಂದು ಮೂಲೆ, ಒಂದು ಕಪ್ಪೆ. ಕಪ್ಪೆಗಳು ಜಿಗಿಯಬೇಕು, ತೆಪ್ಪದಿಂದ ಒಬ್ಬರನ್ನೊಬ್ಬರು ದೂಡಬೇಕು, ಮೀನು ಕಸಿಯಬೇಕು. ಟಿವಿಯ ಮುಂದಿನ ಆ ಗಲಾಟೆ ಅಂಗೈಯಗಲದ ಪರದೆಯಲ್ಲಿ ಹುಟ್ಟುತ್ತದೆಯೋ ಇಲ್ಲವೋ, ಓದುಗರಿಗೆ ಬೇಕಾದದ್ದು ಅದೊಂದೇ. ಅದನ್ನು ತಿಳಿಯಲು ನಾಲ್ಕು ಜನ ಬೇಕು. ಶಿಕಾರಿಪುರದ ಮನೆಯಲ್ಲಿ ಇದ್ದದ್ದು ಅವನು ಮತ್ತು ಮದುವೆಯಾಗಿ ಆರು ತಿಂಗಳಾದ ತೃಪ್ತಿ, ಇಬ್ಬರೇ. ಅಷ್ಟರಲ್ಲಿ ಮದುವೆಯ ನಂತರದ ಮೊದಲ ಭೂಮಿ ಹುಣ್ಣಿಮೆಗೆ ಬನ್ನಿ ಎಂದು ಮಾವನ ಮನೆಯಿಂದ ಕರೆ ಬಂತು. ಹಬ್ಬವೂ ಆಯಿತು, ನಾಲ್ಕು ಜನವೂ ಸಿಕ್ಕರು ಎಂದು ಚೌಡೇಶ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಬೈಕ್ ಹತ್ತಿದ್ದ.

ಹಬ್ಬ ಮುಗಿದ ಮರುದಿನ ಆಟ. ಅತ್ತೆ ಬಂಗಾರಮ್ಮ, ತೃಪ್ತಿಯ ಅಣ್ಣ ನಾಗರಾಜ, ತೃಪ್ತಿ, ಚೌಡೇಶ. ಮಾವ ಧರ್ಮಪ್ಪನವರು ಪಕ್ಕದಲ್ಲಿ ಕೂತು ಅಡಿಕೆ ಹೋಳು ಮಾಡುತ್ತಾ ನೋಡುತ್ತಿದ್ದರು. ಆಟವೇನೋ ಶುರುವಾಯಿತು, ಕಾವೇರಲಿಲ್ಲ. ತೆಪ್ಪದ ಮೇಲೆ ಬಂಗಾರಮ್ಮನ ಕಪ್ಪೆ ಪೂಜೆಗೆ ಕೂತವರ ಹಾಗೆ ಕೂತೇ ಇರುತ್ತಿತ್ತು. ನಾಗರಾಜ ಗೂಡ್ಸ್ ಆಟೋ ಓಡಿಸುವವನು, ಅಡ್ಡ ಬಂದ ನಾಯಿಮರಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತಪ್ಪಿಸುವ ಕೈ ಅವನದು. ಅಂಥವನು ಮೀನು ದಾಟಿ ಹೋದ ಮೇಲೆ ನಿಧಾನವಾಗಿ ಗುಂಡಿ ಒತ್ತುತ್ತಿದ್ದ. ತೃಪ್ತಿಯಂತೂ ಎಂದಿನಂತೆ ಕೊನೆಯ ಗಳಿಗೆಯಲ್ಲಿ ಎಡವಿ ಬೀಳುತ್ತಿದ್ದಳು. ಚೌಡೇಶ ಗೆದ್ದಾಗಲೆಲ್ಲ ಮೂವರೂ ಒಂದೇ ಉಸಿರಿನಲ್ಲಿ ಹೊಗಳುತ್ತಿದ್ದರು. ಅವರು ಹೊಗಳಿದಷ್ಟೂ ಅವನಿಗೆ ಮೈಯೆಲ್ಲ ಕೆರೆಯುವಂತಾಗುತ್ತಿತ್ತು. ಮದುವೆಯಾಗಿ ಇಷ್ಟು ದಿನವಾದರೂ ಈ ಮನೆಯಲ್ಲಿ ಅವನಿಗೆ ಹೊಸ ತಟ್ಟೆ, ಹೊಸ ಹಾಸಿಗೆ, ತೂಗಿ ಆಡುವ ಮಾತು. ಆಟಕ್ಕೆ ಕೂತರಾದರೂ ಒಬ್ಬರು ಮೊಣಕೈಯಲ್ಲಿ ತಿವಿದಾರು, ಸರಿಯಪ್ಪ ಆಕಡೆ ಎಂದಾರು ಎಂದು ಅವನು ಆಸೆಪಟ್ಟಿದ್ದ. ನಿಜ ಹೇಳಬೇಕೆಂದರೆ ವಿಮರ್ಶೆಗಿಂತ ಆ ಆಸೆಯೇ ದೊಡ್ಡದಿತ್ತು.

ಊಟ ಮುಗಿಸಿ ಅವನು ತೀರ್ಪು ಬರೆದ. ಕೈಯಂತ್ರದ ಪಲ್ಟಿ ಪಾರ್ಟಿ ಸಪ್ಪೆ, ಚಿಕ್ಕ ಪರದೆಯ ಸುತ್ತ ನಾಲ್ಕು ಜನ ಕೂತರೂ ಗುಂಪು ಆಗುವುದಿಲ್ಲ, ಹೊಸಬರಿಗೆ ಗುಂಡಿಗಳು ಕೈಗೇ ಹತ್ತುವುದಿಲ್ಲ, ಹತ್ತಕ್ಕೆ ನಾಲ್ಕು ಅಂಕ. ಹೊಸಬರ ವಿಷಯಕ್ಕೆ ಎಂದಿನಂತೆ ತೃಪ್ತಿಯನ್ನೇ ಸಾಕ್ಷಿ ಮಾಡಿದ. ಮದುವೆಯಾದಾಗಿನಿಂದ ಅವನ ಪ್ರತಿ ವಿಮರ್ಶೆಯಲ್ಲೂ ಆಡಲು ಬಾರದ ಹೆಂಡತಿಯೊಬ್ಬಳು ಬಂದು ಸೋತು ಹೋಗುತ್ತಿದ್ದಳು. ಓದುಗರಿಗೆ ಅವಳೆಂದರೆ ಅಕ್ಕರೆ.

ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಯಂತ್ರವನ್ನು ಚಾರ್ಜಿಗೆ ಹಾಕಿ ಅವನು ಪಕ್ಷಿಧಾಮದ ಕೆರೆ ಏರಿಯ ಮೇಲೆ ಹೋದ. ಅಲ್ಲಿಂದ ಸಂಪಾದಕ ಸುರೇಂದ್ರನಿಗೆ ವಿಮರ್ಶೆ ಕಳಿಸಿದ್ದಾಯಿತು, ನಾಳೆ ಬೆಳಿಗ್ಗೆ ಹಾಕುತ್ತೇನೆ ಎಂದು ಅವನ ಉತ್ತರವೂ ಬಂತು. ಕೆಲಸ ಮುಗಿಯಿತಲ್ಲ, ಇನ್ನಾದರೂ ಮನಸ್ಸು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮರಗಳ ತುಂಬ ಹಕ್ಕಿಗಳು ಜಾಗಕ್ಕಾಗಿ ಕಿತ್ತಾಡುತ್ತಿದ್ದವು. ಪ್ರವಾಸಿಗರು ದುರ್ಬೀನು ಹಿಡಿದು ಮೆಚ್ಚುತ್ತಿದ್ದರು. ಚೌಡೇಶನಿಗೆ ಆ ಗದ್ದಲ ಕೇಳಿ ಹೊಟ್ಟೆಯುರಿಯಿತು. ಹಕ್ಕಿಯ ಮೇಲೆ ಹೊಟ್ಟೆಕಿಚ್ಚು ಪಡುವ ಮಟ್ಟಕ್ಕೆ ಇಳಿದೆನಲ್ಲ ಎಂದು ತನ್ನನ್ನೇ ಬೈದುಕೊಂಡು ಮನೆಯ ಕಡೆ ತಿರುಗಿದ.

ಬೇಲಿಯ ಹತ್ತಿರ ಬರುವಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದ್ದು ಕೇಳಿಸಿತು. ಜಗಳ ಹತ್ತಿತೇನೋ ಎಂದು ಓಡಿದ. ಬಾಗಿಲ ಹೊರಗೇ ಕಾಲು ನಿಂತವು.

ಯಂತ್ರ ಮಣೆಯ ಮೇಲಿತ್ತು. ಸುತ್ತ ನಾಲ್ಕು ತಲೆಗಳು, ಅವನ ಮೂಲೆಗೆ ಧರ್ಮಪ್ಪನವರು ಕೂತಿದ್ದರು. ಬಂಗಾರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದು ಮಂಡಿಯೂರಿ ಗುಂಡಿಯ ಮೇಲೆ ಗುಂಡಿ ಕುಟ್ಟುತ್ತಿದ್ದರು. ಅವರ ಕಪ್ಪೆ ಗಂಡನ ಕಪ್ಪೆಯನ್ನು ನೀರಿಗೆ ದೂಡಿ, ಹತ್ತಲು ಬಂದರೆ ಮತ್ತೆ ದೂಡುತ್ತಿತ್ತು. ನಾಗರಾಜ ತಂಗಿಯ ಕೈಯನ್ನು ಮೊಣಕೈಯಿಂದ ಒತ್ತಿ ಹಿಡಿದಿದ್ದ. ಅವಳು ಅವನ ತೋಳನ್ನು ಕಚ್ಚಿಯೇ ಬಿಟ್ಟಳು. ಆಮೇಲೆ ತೃಪ್ತಿಯ ಬೆರಳು ಓಡಿದ್ದನ್ನು ಚೌಡೇಶ ನೋಡಿದ. ಆರು ತಿಂಗಳು ಪಕ್ಕದಲ್ಲಿ ಕೂತು ಆಡಿದವಳ ಆ ಬೆರಳನ್ನು ಅವನು ಅವತ್ತೇ ಮೊದಲು ನೋಡಿದ್ದು. ಒಂದೇ ಸುತ್ತಿನಲ್ಲಿ ಮೂವರನ್ನೂ ನೀರಿಗೆ ಕೆಡವಿ, ಎದ್ದು ನಿಂತು, ಅಪ್ಪನ ತಲೆಯ ಮೇಲೊಂದು ಮೊಟಕಿದಳು. ಮನೆಯೇ ಹಾರಿಹೋಗುವ ಹಾಗೆ ನಾಲ್ವರೂ ನಕ್ಕರು.

ನೋಡಲು ಬಹಳ ಸೊಗಸಾಗಿತ್ತು. ಚೌಡೇಶನಿಗೆ ಅಳು ಬಂದ ಹಾಗಾಯಿತು.

ಮೊದಲು ಅವನನ್ನು ಕಂಡದ್ದು ಬಂಗಾರಮ್ಮ. ಸೆರಗು ಸೊಂಟದಿಂದ ಹೆಗಲಿಗೆ ಬಂತು. ಧರ್ಮಪ್ಪನವರು ಜಾಗ ಬಿಟ್ಟು ಎದ್ದರು. ನಾಗರಾಜ ಕೆಮ್ಮಿದ. ಕ್ಷಣದಲ್ಲಿ ಎಲ್ಲರೂ ಬೆಳಗಿನವರೇ ಆದರು.

ಚೌಡೇಶನಿಗೆ ಎಲ್ಲವೂ ಹೊಳೆಯಿತು, ಅಥವಾ ಹಾಗೆಂದುಕೊಂಡ. ಇದು ಅಳಿಯನಿಗೆ ಮಾಡುವ ಮರ್ಯಾದೆ. ಹಬ್ಬಕ್ಕೆ ಬಂದ ಹೊಸ ಅಳಿಯನನ್ನು ಸೋಲಿಸಿ ಕಳಿಸಬಾರದು ಎಂದು ಇವರಲ್ಲಿ ಪದ್ಧತಿ ಇರಬೇಕು. ಅವನಿಗೆ ಒಂದು ರೀತಿ ಸಮಾಧಾನವೇ ಆಯಿತು. ಪದ್ಧತಿಯಾದರೆ ಯಾರ ತಪ್ಪೂ ಅಲ್ಲವಲ್ಲ. ನಗುತ್ತಾ ಒಳಗೆ ಬಂದು, ಅಳಿಯ ಎಂದು ಇಷ್ಟೆಲ್ಲ ಉಪಚಾರ ಬೇಡ, ನಮ್ಮ ಕಡೆ ಇಂಥ ಪದ್ಧತಿಯಿಲ್ಲ ಎಂದು ಮಾವನಿಗೆ ಹೇಳಿದ.

ಧರ್ಮಪ್ಪನವರು ಸುಳ್ಳು ಹೇಳಲು ಬಾರದ ಮನುಷ್ಯ. ಅಂಥ ಪದ್ಧತಿ ಇವರಲ್ಲೂ ಇರಲಿಲ್ಲವಂತೆ. ಅವರು ಮದುವೆಯಾದ ಹೊಸತರಲ್ಲಿ ಇದೇ ಹಬ್ಬಕ್ಕೆ ಮಾವನ ಮನೆಗೆ ಹೋದಾಗ ಅವರ ಅತ್ತೆ ಚೌಕಾಬಾರದಲ್ಲಿ ಸೋಲಿಸಿ, ಸೋತದ್ದಕ್ಕೆ ಕೊಟ್ಟಿಗೆಯ ಸಗಣಿ ಬಾಚಿಸಿದ್ದರಂತೆ. ಅದನ್ನು ಹೇಳಿ ಅವರೇ ಒಂದಿಷ್ಟು ನಕ್ಕರು. ನಗುವಿಗೆ ಯಾರೂ ಜೊತೆ ಸೇರದ್ದು ನೋಡಿ ನಿಲ್ಲಿಸಿದರು. ಎಲ್ಲರೂ ತೃಪ್ತಿಯ ಕಡೆ ನೋಡುತ್ತಿದ್ದರು.

"ನಾನೇ ಅಣ್ಣಂಗೆ ಫೋನ್ ಮಾಡಿ ಹೇಳಿದ್ದೆ," ಎಂದಳು ತೃಪ್ತಿ. "ಅವರನ್ನ ಸೋಲಿಸಬೇಡಿ ಅಂತ."

"ಯಾಕೆ?"

"ಮದುವೆಯಾದ ವಾರ ಕೇರಂ ಆಡಿದ್ವಲ್ಲ. ನಾನು ಗೆದ್ದೆ. ಮಾರನೇ ದಿನ ಸಂಜೆ ತನಕ ನೀವು ಒಂದು ಮಾತೂ ಆಡಲಿಲ್ಲ. ಗೋಡೆ ಕಡೆ ತಿರುಗಿ ಉಂಡ್ರಿ. ಹೊಸ ಮನೆ, ಮಾತಾಡಕ್ಕೆ ಅಂತ ನಂಗೆ ಅಲ್ಲಿ ಇನ್ಯಾರಿದ್ರು? ಆವತ್ತೇ ಅಂದ್ಕೊಂಡೆ, ಸೋಲೋದೇ ಸುಲಭ ಅಂತ."

ಚೌಡೇಶ ಬಾಯಿ ತೆರೆದ. ಆವತ್ತು ತನಗೆ ತಲೆನೋವಿತ್ತು ಎನ್ನಬೇಕೆಂದಿದ್ದ. ಅವನ ನೆನಪಿನಲ್ಲಿ ಉಳಿದದ್ದೂ ಬರೀ ತಲೆನೋವೇ. ಆದರೆ ಆ ಮಾತು ಅವನ ಕಿವಿಗೇ ಹಸಿ ಸುಳ್ಳಿನಂತೆ ಕೇಳಿಸಿತು. ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಬಂದ.

ಬೈಕಿನ ಹತ್ತಿರ ನಿಂತ, ಬಾವಿಕಟ್ಟೆಯ ಹತ್ತಿರ ನಿಂತ, ಮತ್ತೆ ಬೈಕಿಗೆ ಬಂದ. ವಿಮರ್ಶೆಯನ್ನು ವಾಪಸು ಪಡೆಯಬೇಕು, ಅದು ಖಂಡಿತ. ಏರಿಗೆ ಹೋಗಿ ಸುರೇಂದ್ರನಿಗೆ ಫೋನ್ ಮಾಡಿದರಾಯಿತು. ಆಟ ಸರಿಯಾಗಿ ಆಡಿರಲಿಲ್ಲ, ಜೊತೆಗಿದ್ದವರು ಬೇಕೆಂದೇ ಸೋತರು ಎನ್ನಬಹುದು. ಯಾಕೆ ಸೋತರು ಎಂದು ಅವನು ಕೇಳುತ್ತಾನೆ. ಅಲ್ಲಿಗೆ ಬಂದಾಗಲೆಲ್ಲ ಚೌಡೇಶನ ಯೋಚನೆ ಕೆಸರಿನಲ್ಲಿ ಹೂತ ಗಾಡಿಯಾಗುತ್ತಿತ್ತು. ಈ ಒಂದು ವಿಮರ್ಶೆಯ ಮಾತೇ ಅಲ್ಲ. ಮದುವೆಯಾದ ಮೇಲೆ ಬರೆದದ್ದೆಲ್ಲ ಹೀಗೇ, ಆಡಲು ಬಾರದ ಹೆಂಡತಿಯೆಂದು ಊರಿಗೆಲ್ಲ ಸಾರಿದ್ದೂ ಹೀಗೇ. ಅವಳು ಅದನ್ನೆಲ್ಲ ಓದುತ್ತಿದ್ದಳು. ಓದಿ ಚೆನ್ನಾಗಿದೆ ರೀ ಎನ್ನುತ್ತಿದ್ದಳು. ತನ್ನ ಜೊತೆ ಮಾತಾಡಲು ಒಬ್ಬ ಮನುಷ್ಯ ಇರಲಿ ಎಂದು ಅವಳು ಪ್ರತಿ ಸಂಜೆ ಅಷ್ಟು ಜಾಣ ಬೆರಳನ್ನು ಕಟ್ಟಿಹಾಕಿ ಕೂತಿದ್ದಳು. ಅವನಿಗೆ ನಾಚಿಕೆಯಾಯಿತು. ಮೈ ಮೇಲೆ ಬಟ್ಟೆಯಿಲ್ಲದೆ ನಿಂತಂಥ ನಾಚಿಕೆ.

ಬೈಕ್ ಹತ್ತಿ ಹೋಗಿಬಿಡಬಹುದಿತ್ತು. ಹೋದರೆ ಅದೂ ಗೋಡೆಗೆ ಮುಖ ಮಾಡಿ ಉಂಡಂತೆಯೇ ಎಂದು ಹೊಳೆದು, ಸುರೇಂದ್ರನಿಗೆ ರಾತ್ರಿ ಎಲ್ಲ ಹೇಳಿದರಾಯಿತು ಎಂದುಕೊಂಡು ಅವನು ಒಳಗೆ ಬಂದ.

"ಆಡೋಣ," ಎಂದ ತೃಪ್ತಿಗೆ. "ನಾವಿಬ್ಬರೇ. ಬಿಟ್ಟುಕೊಡಬೇಡ."

ಅವಳು ಅಮ್ಮನ ಮುಖ ನೋಡಿದಳು. ಬಂಗಾರಮ್ಮ ತಮಗೇನೂ ಕೇಳಿಸಲಿಲ್ಲವೆನ್ನುವಂತೆ ಮಣೆಯ ಮೇಲಿನ ಧೂಳು ಒರೆಸಿದರು. ತೃಪ್ತಿ ಕೂತಳು.

ಶುರುವಿನಲ್ಲಿ ಅವಳ ಬೆರಳು ಅನುಮಾನಿಸಿತು. ಅವನ ಕಪ್ಪೆಗೆ ಎರಡು ಮೀನು ಸುಮ್ಮನೆ ಸಿಕ್ಕವು. ಅದು ಅವನಿಗೆ ಈಗ ಗೊತ್ತಾಗುತ್ತಿತ್ತು. ತಲೆಯೆತ್ತಿ ಅವಳನ್ನೇ ನೋಡಿದ. ಅವಳು ಉಸಿರೆಳೆದುಕೊಂಡು ಮುಂದಕ್ಕೆ ಬಾಗಿದಳು. ಆಮೇಲೆ ನಡೆದದ್ದನ್ನು ಆಟ ಎನ್ನುವಂತಿಲ್ಲ. ಅವನು ಕಲಿತ ಉಪಾಯಗಳೆಲ್ಲ ಅವಳಿಗೆ ಮೊದಲೇ ಗೊತ್ತಿದ್ದವು. ಎಷ್ಟಾದರೂ ದಿನವೂ ಅವನ ಪಕ್ಕದಲ್ಲೇ ಕೂತು ನೋಡಿದವಳು. ಅವನು ಬಲಕ್ಕೆ ಜಿಗಿಯುವ ಮೊದಲೇ ಅವಳು ಬಲಕ್ಕಿರುತ್ತಿದ್ದಳು. ತೆಪ್ಪದ ಅಂಚಿಗೆ ಅವನನ್ನು ತಂದು ನಿಲ್ಲಿಸಿ, ಅವಸರವಿಲ್ಲದೆ ದೂಡಿದಳು. ಚೌಡೇಶನ ಕಪ್ಪೆ ನೀರಿನೊಳಗೆ ಗುಳುಗುಳು ಎಂದಿತು.

ಗೆದ್ದ ಕಪ್ಪೆ ಪರದೆಯ ಮೇಲೆ ಕುಣಿಯುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ. ನಾಲ್ವರೂ ನೋಡುತ್ತಿದ್ದದ್ದು ಅವನ ಮುಖವನ್ನು.

ಚೌಡೇಶನ ಕಿವಿ ಕಾದವು. ಎದ್ದು ಹೋಗಬೇಕು, ಒಂದು ಗೋಡೆ ಸಿಕ್ಕರೆ ಸಾಕು ಎನ್ನಿಸಿತು. ಇಷ್ಟೆಲ್ಲ ತಿಳಿದ ಮೇಲೂ, ನಾಚಿಕೆಪಟ್ಟ ಮೇಲೂ ಅದು ಬಂದೇ ಬಂತಲ್ಲ ಎಂದು ಅವನಿಗೆ ದಿಗಿಲಾಯಿತು. ಕಣ್ಣು ಗೋಡೆಯ ಕಡೆ ಹೊರಳಿತು. ಎದುರಿಗೆ ತೃಪ್ತಿಯ ಮುಖ ನಿಧಾನಕ್ಕೆ ಮುಚ್ಚಿಕೊಳ್ಳುತ್ತಿತ್ತು. ಗುಂಡಿಯ ಮೇಲಿನ ಬೆರಳನ್ನು ಅವಳು ಹಿಂದಕ್ಕೆ ತೆಗೆದಳು.

"ಸಿಟ್ಟು ಬಂದಿದೆ," ಎಂದ ಚೌಡೇಶ. ದನಿ ಒಡೆದು ಬಂತು. "ಬಹಳ ಬಂದಿದೆ. ಆದರೂ ಮಾತಾಡ್ತಾ ಇದ್ದೀನಿ."

ತೃಪ್ತಿ ಬೆರಳನ್ನು ವಾಪಸು ಗುಂಡಿಯ ಮೇಲಿಟ್ಟಳು.

"ಇನ್ನೇನೇನು ಬಂದಿದೆ, ಹೇಳಿ," ಎಂದಳು.

ಅವನು ಹೇಳಿದ. ಕಪ್ಪೆಯನ್ನು ಬೈದ, ಆಟ ಮಾಡಿದವರನ್ನು ಬೈದ, ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದಕ್ಕೆ ಅವಳನ್ನೂ ಬೈದ, ಕೊನೆಗೆ ತನ್ನನ್ನು ಬೈದುಕೊಂಡ. ಮಾತು ತಡವರಿಸುತ್ತಿತ್ತು, ಅಲ್ಲಲ್ಲಿ ಅಸಹ್ಯವಾಗಿಯೂ ಇತ್ತು, ನಿಲ್ಲಲಿಲ್ಲ ಅಷ್ಟೇ. ಅವನು ಬೈಯುತ್ತಿದ್ದಂತೆಯೇ ಬಂಗಾರಮ್ಮ ಸೆರಗು ಸಿಕ್ಕಿಸಿಕೊಂಡು ಅವನ ಪಕ್ಕದ ಮೂಲೆಗೆ ಬಂದು ಕೂತರು. ಜಾಗ ಸಾಲದ್ದಕ್ಕೆ ಮೊಣಕೈಯಲ್ಲಿ ಅವನ ಪಕ್ಕೆಗೆ ತಿವಿದು, ಸ್ವಲ್ಪ ಆಕಡೆ ಸರಿಯಪ್ಪ ಎಂದರು.