ಗಳದ ಮೇಲಿನ ತೆಂಗಿನಗರಿ

ಬೆಳಕು ಹರಿಯುತ್ತಲೇ ಥೋವಾ ದೋಣಿಯ ಛಾವಣಿಯಡಿಯಿಂದ ತಲೆ ಹೊರಗೆ ಹಾಕಿದಳು. ಬಿದಿರು ಗಳದ ತುದಿಯಲ್ಲಿ ತೆಂಗಿನಗರಿ ಇರಲಿಲ್ಲ. ಸಂಜೆ ತಾನೇ ಬಿಗಿಯಾಗಿ ಗಂಟು ಹಾಕಿ ಕಟ್ಟಿದ್ದಳು. ಈಗ ಅಲ್ಲಿ ತೂಗುತ್ತಿದ್ದದ್ದು ಒಂದು ಕುಂಬಳಕಾಯಿ ಮಾತ್ರ.

ನದಿಯ ಮೇಲೆ ದೋಣಿಗಳಲ್ಲೇ ನಡೆಯುವ ಕಾಯ್‌ರಾಂಗ್‌ನ ಸಂತೆಯಲ್ಲಿ ಯಾರೂ ಕೂಗಿ ಮಾರುವುದಿಲ್ಲ. ಅಷ್ಟು ಎಂಜಿನ್ನುಗಳ ಗದ್ದಲದಲ್ಲಿ ಯಾರ ಕೂಗು ಯಾರಿಗೆ ಕೇಳಬೇಕು? ದೋಣಿಯಲ್ಲಿ ಏನಿದೆಯೋ ಅದನ್ನೇ ಗಳಕ್ಕೆ ತೂಗುಹಾಕಿದರಾಯಿತು. ತೆಂಗಿನಗರಿ ಕಟ್ಟಿದರೆ ಮಾತ್ರ ದೋಣಿಯೇ ಮಾರಾಟಕ್ಕಿದೆ ಎಂದರ್ಥ. ಒಣಗಲು ಹಾಕಿದ ಬಟ್ಟೆಯ ಬೆಲೆಯನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಹಿಂಬದಿಯ ಹಗ್ಗದ ಮೇಲೆ ದಿನಾ ಒಣಗುವ ಖಿಯೆಮನ ನೀಲಿ ಅಂಗಿಯ ಬಗ್ಗೆಯೂ ಯಾರೂ ತುಟಿ ಬಿಚ್ಚಿರಲಿಲ್ಲ.

ಖಿಯೆಮ್ ಅವಳ ಗಂಡ. ಕಳೆದ ಮಳೆಗಾಲ, ಎಂಜಿನ್ನಿನ ರೆಕ್ಕೆಗೆ ಸುತ್ತಿಕೊಂಡ ಬಲೆ ಬಿಡಿಸಲು ನೀರಿಗಿಳಿದವನು ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಆಮೇಲೂ ಅದೇ ನದಿಯ ನೀರು ಸೇದಿ ಅನ್ನ ಮಾಡಬೇಕು, ಅದೇ ನೀರಲ್ಲಿ ಮುಖ ತೊಳೆಯಬೇಕು. ಥೋವಾಳಿಗೆ ತುತ್ತು ಇಳಿಯುತ್ತಿರಲಿಲ್ಲ. ದೋಣಿ ಮಾರಿ, ಅತ್ತೆಯನ್ನು ಕರೆದುಕೊಂಡು, ದಡದ ಮೇಲಿರುವ ಅಕ್ಕನ ಶಾವಿಗೆ ಅಂಗಡಿಗೆ ಹೋಗಿಬಿಡಬೇಕೆಂದು ನಿಶ್ಚಯಿಸಿದ್ದಳು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಗನ ಅಂಗಿ ಒಗೆದು ಹಾಕುವುದನ್ನು ಮಾತ್ರ ಬಿಡಲಿಲ್ಲ.

ಗರಿ ಮೊದಲ ಸಲ ಮಾಯವಾದಾಗ ಗಾಳಿಯ ಕೆಲಸ ಎಂದುಕೊಂಡಳು. ಮತ್ತೊಮ್ಮೆ ಮಾಯವಾದಾಗ ಗಳದ ಬುಡದಲ್ಲಿ ಒದ್ದೆ ಹೆಜ್ಜೆಗಳಿದ್ದವು. ಮೈ ಜುಮ್ಮೆಂದಿತು. ಆದರೆ ಆ ಹೆದರಿಕೆಯೊಳಗೇ, ಯಾರಿಗೂ ಹೇಳಿಕೊಳ್ಳಲಾಗದಂಥ ಒಂದು ಖುಷಿಯೂ ಇತ್ತು. ಅವನು ಬಂದಿದ್ದ. ಬಿಟ್ಟುಹೋಗಬೇಡ ಎನ್ನುತ್ತಿದ್ದ. ಅಂದಿನಿಂದ ಗರಿ ಕಟ್ಟುವುದು ಮಾರಲಿಕ್ಕೋ, ಅವನನ್ನು ಕರೆಯಲಿಕ್ಕೋ ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಅವಳು ಗಳ ನೋಡುತ್ತಿರುವಾಗಲೇ, ದೋಣಿ ಕೊಳ್ಳಬೇಕೆಂದಿದ್ದ ಅನಾನಸ್ ವ್ಯಾಪಾರಿ ಹಿಯೆಪ್ ತನ್ನ ದೋಣಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಗಳದ ತುದಿ ನೋಡಿ ಅವನಿಗೆ ರೇಗಿತು.

"ಏನಕ್ಕಾ, ಸಂಜೆ ನೋಡಿದ್ರೆ ಗರಿ ಇರುತ್ತೆ, ಬೆಳಗ್ಗೆ ಬಂದ್ರೆ ಇರಲ್ಲ. ಮಾರ್ತೀರೋ, ಇಲ್ಲ ನನ್ನ ಸುಮ್ನೆ ಓಡಾಡಿಸ್ತೀರೋ?"

"ನಾನು ತೆಗೀತಿಲ್ಲಣ್ಣ," ಎಂದಳು ಥೋವಾ. "ತೆಗೆಯೋರು ಬೇರೆ."

ಹಿಯೆಪ್ ಅವಳ ಮುಖ ನೋಡಿದ, ಹಗ್ಗದ ಮೇಲಿನ ಅಂಗಿ ನೋಡಿದ, ಆಮೇಲೆ ನೀರು ನೋಡಿದ. ತನ್ನ ದೋಣಿ ಕಟ್ಟಿದ ಹಗ್ಗ ಬಿಚ್ಚತೊಡಗಿದ. ಮುಳುಗಿದವನು ಹತ್ತಿ ಇಳಿಯುವ ದೋಣಿಯನ್ನು ಈ ನದಿಯಲ್ಲಿ ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟುವುದಿಲ್ಲ. ಸುದ್ದಿ ಹಬ್ಬಿದರೆ ಅತ್ತೆ ಸೊಸೆ ಇಬ್ಬರೂ ಸಾಯುವತನಕ ಇದೇ ನೀರಿನ ಮೇಲೆ.

"ನಿಲ್ಲಪ್ಪಾ," ಒಳಗಿನಿಂದ ಅತ್ತೆಯ ದನಿ ಬಂತು. ಮುದುಕಿ ಅಕ್ಕಿ ಡಬ್ಬದ ಹಿಂದಿನಿಂದ ಸುರುಟಿಹೋದ ಗರಿಗಳನ್ನು ಎಳೆದು ಹಲಗೆಯ ಮೇಲೆ ಹಾಕಿದಳು. "ದೆವ್ವಗಿವ್ವ ಏನಿಲ್ಲ. ನಾನೇ ತೆಗೆದಿದ್ದು. ಅಂಗಿ ಒಗೆಯೋಕೆ ಏಳ್ತೀನಲ್ಲ, ಆಗ."

ಮುದುಕಿ ದೋಣಿಯ ಮೂತಿಯ ಕಡೆ ಕೈ ತೋರಿಸಿದಳು. ಅಲ್ಲಿ ಖಿಯೆಮ್ ಬರೆದ ಕೆಂಪು ಕಣ್ಣುಗಳಿದ್ದವು. "ಆ ಕಣ್ಣು ನೋಡಿಯೇ ಅವ್ನು ನಮ್ಮ ದೋಣಿ ಗುರುತು ಹಿಡೀಬೇಕು. ಇದೂ ಹೋದ್ರೆ ಅವ್ನು ಯಾರ ಮನೆಗೆ ಬರ್ತಾನೆ?"

ನಾಳೆ ಬೆಳಗ್ಗೆ ಗರಿ ಇದ್ದರೆ ಮಾತಾಡೋಣ, ಇಲ್ಲದಿದ್ದರೆ ಬೇಜಾರಿಲ್ಲ ಎಂದು ಮೆಲ್ಲಗೆ ಹೇಳಿ ಹಿಯೆಪ್ ಹೊರಟುಹೋದ. ಥೋವಾಳಿಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಗಂಡ ಇನ್ನೊಮ್ಮೆ ಸತ್ತ ಹಾಗಾಗಿ, ಕುಂಬಳಕಾಯಿಗಳ ನಡುವೆ ಕೂತು ಬಿಕ್ಕಿಬಿಕ್ಕಿ ಅತ್ತಳು.

ಸಂಜೆ ಅತ್ತೆ ಎಲ್ಲಿಂದಲೋ ಹಸಿ ಗರಿ ತಂದು ಅವಳ ಕೈಗಿತ್ತಳು. "ಕಟ್ಟು. ನಾನು ಮುಟ್ಟಲ್ಲ."

ಮರುದಿನ ನಸುಕಿಗೇ ಥೋವಾಳಿಗೆ ಎಚ್ಚರವಾಯಿತು. ಕಣ್ಣು ಮುಚ್ಚಿಕೊಂಡೇ ಹಲಗೆಯ ಮೇಲಿನ ಒದ್ದೆ ಹೆಜ್ಜೆಗಾಗಿ ಕಾದಳು. ಯಾರಾದರೂ ಸರಿ, ಬಂದು ಅದನ್ನು ಕಿತ್ತುಹಾಕಲಿ ಎಂದು ಬೇಡಿಕೊಂಡಳು. ಪಕ್ಕದ ಚಾಪೆಯಲ್ಲಿ ಅತ್ತೆ ಕಣ್ಣು ಬಿಟ್ಟುಕೊಂಡು ಅಲುಗಾಡದೆ ಮಲಗಿದ್ದಳು. ತಲೆಯ ಮೇಲೆ ಗರಿ ಸರಸರ ಎನ್ನುತ್ತಿತ್ತು.

ಹಿಯೆಪ್‌ನ ಎಂಜಿನ್ ಹತ್ತಿರ ಬಂದು ನಿಂತಿತು. ಅತ್ತೆ ಎದ್ದು ಹಿಂಬದಿಗೆ ಹೋದಳು. ಹಗ್ಗದ ಮೇಲಿದ್ದ ನೀಲಿ ಅಂಗಿಯನ್ನು ತೆಗೆದು, ರಾತ್ರಿಯ ಇಬ್ಬನಿಗೆ ಇನ್ನೂ ಹಸಿ ಇರುವಾಗಲೇ ಮಡಿಸತೊಡಗಿದಳು.